ಮೂರನೆಯ ಕೂಗು

ಬೈಲಹೊಂಗಲದ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದಷ್ಟು ಕಾಲವೂ ಒಂದು ಪ್ರಶ್ನೆಯ ಕಾಟ ತಪ್ಪಲಿಲ್ಲ: ಸಣ್ಣಕಥೆಯಲ್ಲಿ ಕುತೂಹಲವನ್ನು ಲೇಖಕ ಹೇಗೆ ಕಟ್ಟುತ್ತಾನೆ, ಉದಾಹರಣೆ ಸಹಿತ ವಿವರಿಸಿ. ಹುಡುಗರು ಗೈಡು ಉರುಹೊಡೆದು ಬರೆಯುತ್ತಿದ್ದರು. ವಾತಾವರಣ, ಮುನ್ಸೂಚನೆ, ವಿಳಂಬ, ನಿರೂಪಕನನ್ನು ಎಷ್ಟು ನಂಬಬೇಕು, ಮುಕ್ತಾಯ. ಸಂತೆಗೆ ಹೋಗುವವರ ಚೀಟಿಯ ಹಾಗೆ ಒಂದರ ಕೆಳಗೊಂದು. ಉತ್ತರ ಸರಿಯೇ ಇರುತ್ತಿತ್ತು, ಅಂಕ ಕೊಡದೆ ಗತಿಯಿರಲಿಲ್ಲ, ಆದರೆ ಓದುತ್ತ ಓದುತ್ತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ ತರಗತಿಯಲ್ಲೇ ರೇಗಿದೆ.

"ಕಥಿ ಓದಿದ ಮ್ಯಾಲ ಹೆದರಿಕಿ ಆತೋ ಇಲ್ಲೋ, ಮೊದಲ ಅದನ್ನ ಹೇಳ್ರಿ. ಲಕ್ಷಣಾ ಆಮ್ಯಾಲ ನೋಡೂಣಂತ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ನೇಸರಗಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನಿಮಗ ಯಾವ ಕಥಿ ಕೇಳಿ ಹೆದರಿಕಿ ಆಗಿತ್ರಿ?"

ಗಂಟೆ ಹೊಡೆಯಿತು, ಬದುಕಿಕೊಂಡೆ. ನನ್ನನ್ನು ಹೆದರಿಸಿದ ಕಥೆ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ನಮ್ಮ ಆಯಿ, ಅಂದರೆ ಅವ್ವನ ತಾಯಿ, ಅದೇ ನೇಸರಗಿಯ ಮನೆಯಲ್ಲಿ ಅರ್ಧ ಹೇಳಿ ಬಿಟ್ಟಿದ್ದಳು. ಉಳಿದರ್ಧ ಕೇಳುವ ಹೊತ್ತಿಗೆ ನಾನು ದೊಡ್ಡವಳಾಗಿದ್ದೆ. ನಿವೃತ್ತಳಾಗಿ ಮನೆಯಲ್ಲಿ ಕೂತ ಮೇಲೆ ಆ ಹುಡುಗಿಯ ಪ್ರಶ್ನೆ ಬೆನ್ನು ಬಿಡುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಸವದತ್ತಿಯ ಕಡೆ ನೌಕರಿ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ನಾನೂ ಅವ್ವನೂ ಆಯಿಯ ಮನೆಯಲ್ಲೇ ಇದ್ದೆವು. ಮಣ್ಣಿನ ಮಾಳಿಗೆಯ ಉದ್ದನೆಯ ಮನೆ. ತಲಬಾಗಿಲು ದಾಟಿದರೆ ಮೊದಲು ಎಮ್ಮೆ ಕಟ್ಟುವ ಜಾಗ, ಅಲ್ಲಿಂದ ಒಂದು ಮೆಟ್ಟಿಲು ಎತ್ತರಕ್ಕೆ ಪಡಸಾಲೆ, ಅದರ ಹಿಂದೆ ನಡುಮನೆ, ಕೊನೆಗೆ ಅಡಿಗೆಮನೆ. ಹಿಂದೆ ಹೋದಷ್ಟೂ ಕತ್ತಲು. ನಡುಮನೆಗೆ ಕಿಟಕಿಯೇ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಒಂದು ತುಂಡು ಬಿಸಿಲು ಬಿದ್ದು, ಹೊತ್ತು ಏರಿದ ಹಾಗೆ ಜೋಳದ ಚೀಲಗಳ ಮೇಲೆ ಹಾದು ಗೋಡೆ ಹತ್ತುತ್ತಿತ್ತು. ಎಮ್ಮೆಯ ಉಸಿರು ಮನೆಯ ಯಾವ ಮೂಲೆಯಲ್ಲಿದ್ದರೂ ಕೇಳುತ್ತಿತ್ತು. ತಲಬಾಗಿಲಿಗೆ ಒಳಗಿನಿಂದ ಹಾಕುವ ಅಗಳಿ ನನ್ನ ತೋಳಿಗಿಂತ ದಪ್ಪನೆಯ ಮರದ ಅಡ್ಡಪಟ್ಟಿ. ಗೋಡೆಯೊಳಗಿನ ತೂತಿನಿಂದ ಅದನ್ನು ಎಳೆದು ಆಚೆ ಗೋಡೆಗೆ ಸೇರಿಸಿದರೆ ಗುಡ್ಡವೇ ಬಂದು ಗುದ್ದಿದರೂ ಬಾಗಿಲು ಅಲ್ಲಾಡುವುದಿಲ್ಲ ಅಂತ ಆಯಿ ಹೆಮ್ಮೆಪಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಅಗಳಿ ಬೀಳಬೇಕು. ಇದು ಮನೆಯ ಕಾನೂನು.

ಇನ್ನೊಂದು ಕಾನೂನು ಕೂಗಿನದು. ಅಗಳಿ ಬಿದ್ದ ಮೇಲೆ ಯಾರೇ ಹೊರಗಿನಿಂದ ಹೆಸರು ಹಿಡಿದು ಕರೆದರೂ ಮೂರು ಸಲ ಕರೆಯುವ ತನಕ ಓಗೊಡುವ ಹಾಗಿಲ್ಲ, ಬಾಗಿಲು ತೆಗೆಯುವ ಹಾಗಿಲ್ಲ. ಮನುಷ್ಯನಾದರೆ ಮೂರನೆಯ ಸಲ ಕರೆಯುತ್ತಾನೆ. ಬೇರೇನಾದರೂ ಇದ್ದರೆ ಅದಕ್ಕೆ ಎರಡೇ ಕೂಗಿನ ಶಕ್ತಿ, ಮೂರನೆಯದು ಅದರ ಬಾಯಿಂದ ಬರುವುದಿಲ್ಲ. ಆಯಿ "ದೆವ್ವ" ಎಂಬ ಮಾತನ್ನು ಎಂದೂ ಬಾಯಲ್ಲಿ ತರಲಿಲ್ಲ. "ಬ್ಯಾರೇದು" ಅನ್ನುತ್ತಿದ್ದಳು ಅಷ್ಟೇ, ಮತ್ತು ಆ "ಬ್ಯಾರೇದು" ಕೇಳಿ ನನಗೆ ಆಗುತ್ತಿದ್ದ ನಡುಕ ಮುಂದೆ ಯಾವ ಲೇಖಕನ ಕೈಯಿಂದಲೂ ಆಗಲಿಲ್ಲ. ಹೆಸರಿಡದ ವಸ್ತುವೇ ಹೆಚ್ಚು ಹೆದರಿಸುತ್ತದೆ ಎಂದು ನಾನು ಬೋರ್ಡಿನ ಮೇಲೆ ಬರೆದದ್ದು ಆಯಿಯಿಂದ ಕದ್ದ ಮಾತು.

ಈ ಕೂಗಿನ ಕಾನೂನನ್ನು ಹಬ್ಬ ಮಾಡಿದವನು ನಮ್ಮ ಮಾಮಾ, ಅವ್ವನ ತಮ್ಮ ಶಿವಪುತ್ರ. ಹಳ್ಳಿಹಳ್ಳಿ ತಿರುಗಿ ಶೇಂಗಾ, ಕುಸುಬಿ ನೋಡಿ ಬೈಲಹೊಂಗಲದ ಮಾರುಕಟ್ಟೆಗೆ ಕುದುರಿಸಿ ಕೊಡುವ ಕೆಲಸ ಅವನದು. ಕತ್ತಲಾಗುವ ಮುಂಚೆ ಮನೆಗೆ ಬಂದವನೇ ಅಲ್ಲ. ಓಣಿಯ ತುದಿಯಿಂದಲೇ ಹೆಂಡತಿಯ ಹೆಸರು ಕೂಗುತ್ತ ಬರುತ್ತಿದ್ದ. ಮೊದಲನೆಯದು ದೂರದಿಂದ, ಎರಡನೆಯದು ಮನೆಮುಂದಿನ ಕಟ್ಟೆಯ ಹತ್ತಿರ, ಮೂರನೆಯದು ಬಾಗಿಲಿಗೆ ಬಾಯಿ ಹಚ್ಚಿ ರಾಗ ಎಳೆದು. ಗಂಡ ಹೆಂಡತಿಯ ಹೆಸರು ಹಿಡಿದು ಕರೆಯದಿದ್ದ ಓಣಿ ಅದು. ಆಯಿಗೆ ನಾಚಿಕೆಯೋ ನಾಚಿಕೆ.

"ಹೇಂತಿ ಹೆಸರ ಓಣಿಗೆಲ್ಲಾ ಕೇಳೂಹಂಗ ಒದರತಿಯಲ್ಲೋ, ನಾಚಿಕಿ ಇಲ್ಲನ?"

"ಕಾನೂನ ನಿಂದ, ಯವ್ವಾ. ಮೂರ ಸಲಾ ಕರೀ ಅಂದಾಕಿ ನೀನ. ಬೇಕಂದ್ರ ನಿನ್ನ ಹೆಸರ ಹಿಡದ ಒದರತೇನಿ."

ಅಷ್ಟರಲ್ಲಿ ಅವನ ಹೆಂಡತಿ ಕಸ್ತೂರಿ, ನನಗೆ ಕಸ್ತೂರತ್ತಿ, ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡು ಅಗಳಿ ಸರಿಸುತ್ತಿದ್ದಳು. ಸುರೇಬಾನದ ಹುಡುಗಿ, ಮದುವೆಯಾಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಎಮ್ಮೆ ಎದ್ದು ಕೊರಳು ಚಾಚುತ್ತಿತ್ತು, ಏಕೆಂದರೆ ಮಾಮಾ ಊಟಕ್ಕೆ ಕೂರುವ ಮೊದಲು ಅದಕ್ಕೊಂದು ಒಣರೊಟ್ಟಿ ಹಾಕುತ್ತಿದ್ದ.

ಊಟವಾದ ಮೇಲೆ ಪಡಸಾಲೆಯಲ್ಲಿ ಆಯಿಯ ಕಥೆ. ಕಥೆಗೆ ಹ್ಞೂಂ ಅನ್ನುವವರು ಬೇಕು. ಹೇಳುವವಳು ಒಂದು ಮಾತು ಹೇಳಿ ನಿಲ್ಲಬೇಕು, ಕೇಳುವವನು ಹ್ಞೂಂ ಅನ್ನಬೇಕು, ಆಗ ಮುಂದಿನ ಮಾತು. ಹ್ಞೂಂ ನಿಂತರೆ ಕಥೆಯೂ ನಿಂತಿತು. ನಮ್ಮ ಮನೆಯಲ್ಲಿ ಆ ಹಕ್ಕು ಮಾಮಾನದು. ಸಾದಾ ಮಾತಿಗೆ ಮೂಗಿನಲ್ಲೇ ಒಂದು ಚಿಕ್ಕ ಹ್ಞೂಂ, ಕಾಡಿನ ದಾರಿ ಬಂದರೆ ದನಿ ತಗ್ಗಿಸಿ ಒಂದು ಹ್ಞೂಂ. ಕಥೆ ಮುಗಿದಾಗ ಮಾತ್ರ ಉದ್ದಕ್ಕೆ ಎಳೆದು, ಹೊಟ್ಟೆಯಿಂದ ಬಂದ ಹಾಗೆ, ಹ್ಞೂಂಂಂ. ಆ ಉದ್ದನೆಯದು ಬಿದ್ದರೆ ಕಥೆ ಒಪ್ಪಿಗೆಯಾಯಿತು, ಇನ್ನು ಮಲಗಬಹುದು ಎಂದು ಅರ್ಥ. ಅದಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಹಗಲು ಹೊತ್ತಿನಲ್ಲಿ ಮಾತ್ರ ಆಯಿ ಕಥೆ ಹೇಳುತ್ತಿರಲಿಲ್ಲ. ಹಗಲು ಕಥೆ ಹೇಳಿದರೆ ಕೇಳಿದವರ ಸೋದರಮಾವ ದಾರಿ ತಪ್ಪುತ್ತಾನೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೆ. ಕೆಲಸಗಳ್ಳ ಮಕ್ಕಳನ್ನು ಎಬ್ಬಿಸಲು ಯಾರೋ ಜಾಣೆ ಹುಟ್ಟಿಸಿದ ಮಾತು ಎಂದು ಈಗ ಅನ್ನಿಸುತ್ತದೆ. ಆಗ ಹಾಗನ್ನಿಸಿರಲಿಲ್ಲ.

ಮಳೆಗಾಲದ ಒಂದು ದಿನ ನನಗೆ ಜ್ವರ ಏರಿತ್ತು. ಮಾಮಾ ಬೆಳಿಗ್ಗೆಯೇ ಸುರೇಬಾನದ ಕಡೆ ಶೇಂಗಾ ನೋಡಲು ಹೋಗಿದ್ದ. ಅತ್ತೆಯ ತವರಿಗೂ ಹೋಗಿ ಬರುವೆನೆಂದು ಹೇಳಿದ್ದ. ನಾನು ಔಷಧ ಉಗುಳಿ, ಹೊದಿಕೆ ಒದ್ದು, ಮಧ್ಯಾಹ್ನದ ಹೊತ್ತಿಗೆ ಮನೆಯವರ ತಲೆಯನ್ನೆಲ್ಲ ತಿಂದು ಮುಗಿಸಿದ್ದೆ. ಕಥೆ ಬೇಕು, ಈಗಲೇ ಬೇಕು. ಆಯಿ ಬಾಗಿಲಿನ ಕಡೆ ನೋಡಿದಳು, ಬೆಳಕಿಂಡಿಯ ಕಡೆ ನೋಡಿದಳು. ಮೋಡದ ದಿನ, ನಡುಮನೆಯಲ್ಲಿ ಹಗಲೇ ಕತ್ತಲು.

"ಕತ್ತಲಾದಂಗ ಐತಿ ಬಿಡ. ಸಣ್ಣದೊಂದ ಹೇಳತೇನಿ, ಔಷಧಾ ಕುಡೀಬೇಕ ಮತ್ತ."

ಹೊಲದ ಮನೆಯಲ್ಲಿ ಒಬ್ಬಳು ಹೆಂಗಸು. ಒಬ್ಬಳೇ. ಗಂಡ ಪರಊರಿಗೆ ಹೋಗಿದ್ದಾನೆ, ಬರುವ ದಿನ ದಾಟಿದೆ. ಆಯಿ ಮೊದಲು ಮನೆ ಕಟ್ಟಿದಳು: ಅಗಳಿ, ಎತ್ತು, ಆರುತ್ತಿರುವ ಒಲೆ. ಆಮೇಲೆ ಒಂದು ಸಣ್ಣ ಮಾತು ಒಗೆದಳು: ಮಲಗಿದ್ದ ಎತ್ತುಗಳು ಎದ್ದು ನಿಂತವು. ಯಾಕೆ ಎಂದು ಹೇಳಲಿಲ್ಲ. ನಾನು ಹ್ಞೂಂ ಅಂದೆ. ಹೊರಗಿನಿಂದ ಗಂಡನ ದನಿಯಲ್ಲಿ ಯಾರೋ ಅವಳ ಹೆಸರು ಹಿಡಿದು ಕರೆದರು. ಹ್ಞೂಂ. ಅವಳು ಎದ್ದು ಬಾಗಿಲ ಬಳಿ ಬಂದಳು. ಹ್ಞೂಂ. ಎರಡನೆಯ ಸಲ ಕರೆದರು. ಅವಳ ಕೈ ಅಗಳಿಯ ಮೇಲಿದೆ. ಆಯಿ ನಿಂತಳು. ನಾನು ಹ್ಞೂಂ ಅನ್ನುವುದನ್ನೇ ಮರೆತೆ. ಆ ನಿಲುಗಡೆಯಲ್ಲೇ ಅವ್ವ ಹಿತ್ತಲಿನಿಂದ ಬಟ್ಟೆಯ ಗಂಟು ಹೊತ್ತು ಒಳಗೆ ಬಂದಳು.

"ಯವ್ವಾ! ಹಗಲ ಹೊತ್ತಿನ್ಯಾಗ ಕಥಿ ಹೇಳಾಕ ಹತ್ತೀ ಏನ? ಶಿವಪುತ್ರ ಊರಾಗ ಇಲ್ಲ, ಎಚ್ಚರ ಐತಿಲ್ಲೋ ನಿನಗ?"

ಆಯಿ ಬಾಯಿಗೆ ಕೈ ಹಚ್ಚಿಕೊಂಡಳು. ರಾತ್ರಿ ಹೇಳುತ್ತೇನೆ, ಮಾಮಾ ಬರಲಿ, ಅವನೇ ಹ್ಞೂಂ ಅನ್ನಲಿ ಎಂದು ನನ್ನ ತಲೆ ಸವರಿ ಎದ್ದು ಹೋದಳು.

ಮಾಮಾ ಬರಲಿಲ್ಲ. ಸುರೇಬಾನಕ್ಕೂ ಅವನು ಮುಟ್ಟಿರಲಿಲ್ಲ. ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದುದನ್ನು ಕಂಡವರಿದ್ದರು, ಅಲ್ಲಿಂದ ಮುಂದೆ ಕಂಡವರು ಯಾರೂ ಸಿಗಲಿಲ್ಲ. ಅತ್ತೆಯ ಅಣ್ಣಂದಿರು ಊರೂರು ತಿರುಗಿದರು. ಅಪ್ಪ ರಜೆ ಹಾಕಿ ಪೊಲೀಸ್ ಠಾಣೆಗೂ ಆಸ್ಪತ್ರೆಗಳಿಗೂ ಅಲೆದ. ಮಲಪ್ರಭೆ ತುಂಬಿ ಹರಿಯುತ್ತಿದ್ದ ದಿನಗಳು, ಕೆಲವರು ಹೊಳೆಯ ಹೆಸರು ಹೇಳಿದರು. ಇನ್ನು ಕೆಲವರು ಬಾಯಿಗೆ ಬಂದದ್ದು ಹೇಳಿದರು, ಗೋವೆಗೆ ಹೋಗಿದ್ದಾನೆ, ಇನ್ನೊಬ್ಬಳಿದ್ದಾಳೆ ಎಂದು. ಆಯಿ ಮಾತ್ರ, ಅಂವ ದಾರಿ ತಪ್ಪ್ಯಾನ, ಅಷ್ಟ, ಎನ್ನುತ್ತಿದ್ದಳು. ಮುಂದೆ ಕಥೆಗಳೇ ನಿಂತವು. ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಎಮ್ಮೆ ಮೆಲುಕು ಹಾಕುವ ಸದ್ದು ಕೇಳುತ್ತ ಕೂರುತ್ತಿದ್ದೆವು. ಹೊಲದ ಮನೆಯ ಆ ಹೆಂಗಸು ಅಗಳಿಯ ಮೇಲೆ ಕೈಯಿಟ್ಟು ಹಾಗೇ ನಿಂತೇ ಇದ್ದಳು. ಕಣ್ಣು ಮುಚ್ಚಿದರೆ ಅವಳ ಬೆನ್ನು ಕಾಣುತ್ತಿತ್ತು.

ಮಳೆ ನಿಂತು, ಜೋಳದ ಬಿತ್ತನೆಯ ದಿನಗಳು ಬಂದ ಮೇಲೆ ಆ ಸಂಜೆ. ಆಯಿ ದೇವರ ಮುಂದೆ ದೀಪ ಹಚ್ಚಿ ಅಗಳಿ ಹಾಕಿ ಬಂದು ಕೂತಿದ್ದಳು. ಅವ್ವ ಅಡಿಗೆಮನೆಯಲ್ಲಿದ್ದಳು. ಕಸ್ತೂರತ್ತಿ ಪಡಸಾಲೆಯಲ್ಲಿ ಮೊರ ಹಿಡಿದು ಬೇಳೆ ಆರಿಸುತ್ತಿದ್ದಳು, ನಾನು ಅವಳ ಪಕ್ಕದಲ್ಲಿದ್ದೆ. ಎಮ್ಮೆ ಎದ್ದು ನಿಂತಿತು. ಬಾಗಿಲಿನ ಕಡೆ ಮುಖ ತಿರುಗಿಸಿತು. ಹೊರಗೆ, ಬಾಗಿಲಿಗೆ ತೀರ ಹತ್ತಿರದಲ್ಲಿ, ಮೆಲ್ಲಗೆ ಒಂದು ಕೂಗು.

"ಕಸ್ತೂರಿ..."

ಮೊರ ಕೆಳಗೆ ಬಿದ್ದು ಬೇಳೆ ಚೆಲ್ಲಾಡಿತು. ಅತ್ತೆ ಮೆಟ್ಟಿಲು ಹಾರಿ ಬಾಗಿಲಿಗೆ ಓಡಿದಳು. ಅಷ್ಟು ವಯಸ್ಸಾದ ಆಯಿ ಅವಳಿಗಿಂತ ಮೊದಲು ಅಲ್ಲಿಗೆ ಹೇಗೆ ಮುಟ್ಟಿದಳೋ ನನಗೆ ಇಂದಿಗೂ ತಿಳಿಯದು. ಅಗಳಿಯ ಮೇಲೆ ಅತ್ತೆಯ ಕೈ, ಅದರ ಮೇಲೆ ಆಯಿಯ ಎರಡೂ ಕೈ.

"ತಡಿ. ತಗೀಬ್ಯಾಡ."

"ಅತ್ತೀ, ಅವರ ಧ್ವನೀರಿ! ಬಿಡ್ರಿ ಅತ್ತೀ!"

"ಮೂರನೇ ಸಲ ಕರೀಲಿ. ಅಂವನ ಇದ್ರ ಕರೀತಾನ."

"ಕಸ್ತೂರಿ..." ಎರಡನೆಯದು ಇನ್ನೂ ಸಣ್ಣಗಿತ್ತು.

ಆಮೇಲೆ ಏನೂ ಇಲ್ಲ. ಅತ್ತೆ ಆಯಿಯ ಕಾಲು ಹಿಡಿದಳು, ಕೈ ಕಚ್ಚಿದಳು, ಆಯಿ ಬಿಡಲಿಲ್ಲ. ಕರೀ, ಕರೀ, ಇನ್ನೊಮ್ಮೆ ಕರೀ ಎಂದು ಆಯಿಯೇ ಬಾಗಿಲಿಗೆ ಹೇಳುತ್ತಿದ್ದಳು. ಅವ್ವ ಅಡಿಗೆಮನೆಯಿಂದ ಓಡಿ ಬಂದು ಇಬ್ಬರನ್ನೂ ಸರಿಸಿ ಅಗಳಿ ಎಳೆಯುವ ಹೊತ್ತಿಗೆ ಕಟ್ಟೆ ಖಾಲಿಯಿತ್ತು. ಓಣಿಯ ಎರಡೂ ತುದಿ ಖಾಲಿ. ಅತ್ತೆ ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿನ ತನಕ ಅವನ ಹೆಸರು ಹಿಡಿದು ಕೂಗುತ್ತ ಓಡಿದಳು. ಗಂಡನ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಮುಂದೆ ಪಾಠ ಹೇಳುವಾಗ ಈ ಸಂಜೆಯನ್ನು ಮನಸ್ಸಿನಲ್ಲೇ ಎಷ್ಟು ಸಲ ಬಿಚ್ಚಿ ನೋಡಿದ್ದೇನೋ. ಎಮ್ಮೆ ಎದ್ದು ನಿಂತದ್ದು ಮುನ್ಸೂಚನೆ, ಸರಿ. ಆದರೆ ಯಾವುದರದು? ಆಯಿಯ ಕಥೆಯ ಲೆಕ್ಕದಲ್ಲಿ ಅದು "ಬ್ಯಾರೇದರ" ಗುರುತು. ಅತ್ತೆಯ ಲೆಕ್ಕದಲ್ಲಿ ರೊಟ್ಟಿ ಹಾಕುವವನ ಗುರುತು. ನಿರೂಪಕಿಯಾದ ನನ್ನನ್ನಾದರೂ ಎಷ್ಟು ನಂಬಬೇಕು? ಅವ್ವ ಏನೂ ಕೇಳಿಸಲಿಲ್ಲ ಎಂದೇ ಕೊನೆಯ ತನಕ ಹೇಳಿದಳು. ನನ್ನ ಕಿವಿಯಲ್ಲಿ ಆ ದನಿ ಇನ್ನೂ ಇದೆ, ಆದರೆ ಅದು ಆ ಸಂಜೆ ಬಂದದ್ದೋ, ಆಮೇಲೆ ಅತ್ತೆ ಅತ್ತು ಹೇಳಿದ್ದನ್ನು ಕೇಳಿ ಕೇಳಿ ಕೂತದ್ದೋ, ಆಣೆ ಮಾಡಿ ಹೇಳಲಾರೆ. ಆಯಿಗೆ ಏನು ಕೇಳಿಸಿತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವಳೂ ಹೇಳಲಿಲ್ಲ.

ಅತ್ತೆ ತವರಿಗೆ ಹೋಗಲಿಲ್ಲ. ಅಣ್ಣಂದಿರು ಕರೆಯಲು ಬಂದಾಗ, ಅವರು ಬಂದರೆ ಬಾಗಿಲು ತೆಗೆಯಲು ನಾನಿರಬೇಕು ಎಂದಳು. ಹಸಿರು ಬಳೆಯನ್ನೂ ಕುಂಕುಮವನ್ನೂ ಬಿಡಲಿಲ್ಲ. ಆ ಸಂಜೆಯ ಮರುದಿನವೇ ಕೊಡಲಿ ತೆಗೆದುಕೊಂಡು ಆ ಅಗಳಿಯನ್ನು ಕಡಿದು, ನೀರೊಲೆಗೆ ಹಾಕಿ, ಅದರ ಬಿಸಿನೀರಿನಲ್ಲಿ ನನಗೆ ಎರೆದಳು. ಆಯಿ ನೋಡುತ್ತ ಕೂತಿದ್ದಳು. ಅಂದಿನಿಂದ ನಮ್ಮ ತಲಬಾಗಿಲಿಗೆ ಅಗಳಿಯಿಲ್ಲ. ಇನ್ನೊಂದು ಬದಲಾವಣೆ ತಿಳಿಯಲು ನನಗೆ ಕೆಲವು ದಿನ ಹಿಡಿಯಿತು. ಆಯಿ ಕರೆದರೆ ಅತ್ತೆ ಮೂರನೆಯ ಕೂಗಿಗೇ ಓಗೊಡುತ್ತಿದ್ದಳು. ಪಕ್ಕದಲ್ಲೇ ಇದ್ದರೂ ಅಷ್ಟೇ. ಮೊದಲ ಕೂಗಿಗೆ ಕಣ್ಣೆತ್ತುವುದಿಲ್ಲ, ಎರಡನೆಯದಕ್ಕೆ ಕೈ ನಿಲ್ಲಿಸುವುದಿಲ್ಲ, ಮೂರನೆಯದಕ್ಕೆ "ಬಂದೇನ್ರಿ ಅತ್ತಿ" ಎಂದು ಬಹಳ ಮರ್ಯಾದೆಯಿಂದ ಎದ್ದು ಬರುತ್ತಾಳೆ. ಕಾಲು ಒತ್ತಿದಳು, ಔಷಧ ಕುಡಿಸಿದಳು, ಹಬ್ಬಕ್ಕೆ ಮಾದಲಿ ಮಾಡಿ ಮೊದಲು ಆಯಿಗೇ ಬಡಿಸಿದಳು. ಜಗಳವಾಡಿದ್ದರೆ ಮುಗಿದುಹೋಗುತ್ತಿತ್ತು. ಅವಳು ಜಗಳವಾಡಲಿಲ್ಲ. ಆಯಿಯೂ ತಕರಾರು ಮಾಡದೆ, ನೀರು ಬೇಕಾದರೂ ಮೂರು ಸಲ ಕರೆಯುತ್ತಿದ್ದಳು. ನಾನು ಬೆಳೆದದ್ದು ಆ ಎರಡನೆಯ ಕೂಗಿಗೂ ಮೂರನೆಯದಕ್ಕೂ ನಡುವಿನ ಸದ್ದಿಲ್ಲದ ಜಾಗದಲ್ಲಿ. ಈಗಲೂ ನನ್ನನ್ನು ಯಾರಾದರೂ ಕರೆದರೆ ತಟ್ಟನೆ ಉತ್ತರಿಸಲಾರೆ, ಸೊಕ್ಕಿನವಳು ಎಂದು ಕಾಲೇಜಿನಲ್ಲಿ ಹೆಸರೂ ಪಡೆದೆ.

ವರ್ಷಗಳು ಹೋದವು. ನಾನು ಕಾಲೇಜು ಓದುತ್ತಿದ್ದೆ, ಬೇಸಿಗೆ ರಜೆಗೆ ಬಂದಿದ್ದೆ. ಆಯಿ ಹಾಸಿಗೆ ಹಿಡಿದಿದ್ದಳು. ಬಾಗಿಲು ಕಾಣುವ ಹಾಗೆ ಪಡಸಾಲೆಯ ಅಂಚಿಗೇ ಹಾಸಿಗೆ ಹಾಕಿಸಿಕೊಂಡಿದ್ದಳು. ಮಧ್ಯಾಹ್ನ. ಅತ್ತೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಆ ತಟತಟ ಸದ್ದು ಮನೆ ತುಂಬ. ಅವ್ವ ಆಯಿಯ ತಲೆಯ ಬಳಿ ಗಾಳಿ ಹಾಕುತ್ತಿದ್ದಳು. ನಾನು ನಡುಮನೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ, ಇಬ್ಬರ ನಡುವೆ.

"ಕಸ್ತೂರಿ..."

ರೊಟ್ಟಿಯ ಸದ್ದು ನಿಲ್ಲಲಿಲ್ಲ. ಕರೆದುಬರಲೇ ಎಂದು ನಾನು ಆಯಿಗೆ ಸನ್ನೆ ಮಾಡಿದೆ. ಅವಳು ಬೇಡವೆಂದು ಕೈಯಾಡಿಸಿ, ಮೊಣಕೈ ಊರಿ ಎದ್ದು ಉಸಿರು ಕೂಡಿಸಿಕೊಂಡಳು.

"ಕಸ್ತೂರಿ..." ಇದು ಪಡಸಾಲೆಯನ್ನೇ ದಾಟಲಾರದಷ್ಟು ಸಣ್ಣದಿತ್ತು.

ರೊಟ್ಟಿಯ ಸದ್ದು ನಿಂತಿತು. ಆಯಿ ಬಾಯಿ ತೆರೆದಳು, ದನಿ ಬರಲಿಲ್ಲ. ಅಷ್ಟರಲ್ಲಿ ಅತ್ತೆ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು, ಹಿಟ್ಟಿನ ಕೈಯಲ್ಲೇ ನನ್ನನ್ನು ದಾಟಿ ಹೋಗಿ ಹಾಸಿಗೆಯ ಪಕ್ಕ ಕೂತಳು. ಅವ್ವನ ಬೀಸಣಿಗೆ ಅರ್ಧದಲ್ಲೇ ನಿಂತಿತು.

"ಎರಡಕ್ಕ ಬಂದ್ಯಾ?"

"ಬಂದೇನ್ರಿ."

"ಗಿರಿಜಿಗೆ ಒಂದ ಕಥಿ ಹೇಳಾಕ ಹತ್ತಿದ್ನೆಲ್ಲಾ. ಹಂಗ ಉಳದೈತಿ ನೋಡ." ಆಯಿ ನನ್ನನ್ನೊಮ್ಮೆ, ಬೆಳಕಿಂಡಿಯನ್ನೊಮ್ಮೆ ನೋಡಿದಳು. "ಆದ್ರ ಹಗಲ ಐತಿ."

ಅತ್ತೆ ತನ್ನ ಬಳೆಗಳನ್ನು ನೋಡಿಕೊಂಡಳು. ಇಷ್ಟು ವರ್ಷ ಆಡದಿದ್ದ ಮಾತನ್ನು ಆಡಿದಳು.

"ಇನ್ನ ದಾರಿ ತಪ್ಪಾಕ ಯಾರ ಉಳದಾರ್ರಿ ಅತ್ತಿ? ಹೇಳ್ರಿ."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಯಿ ಬಾಗಿಲನ್ನು ನೋಡುತ್ತಲೇ ಶುರು ಮಾಡಿದಳು, ಬಿಟ್ಟ ಜಾಗದಿಂದಲೇ.

"ಅಕಿ ಕೈ ಅಗಳಿ ಮ್ಯಾಲ ಇತ್ತು."

ಹೇಳಿ ನಿಂತಳು. ಹ್ಞೂಂ ಅನ್ನುವವನಿಗಾಗಿ ಕಾದಳು. ಅತ್ತೆ ಅಂದಳು.

"ಹ್ಞೂಂ."

"ತಗೀಬೇಕಂತ ಅಕೀದು ಜೀವಾ ಹೋಗಾಕ ಹತ್ತಿತ್ತು. ಮನ್ಯಾಗೊಬ್ಬಾಕಿ ಮುದಿಕಿ ಇದ್ಲು. ತಗೀಗೊಡಲಿಲ್ಲ."

ಆ ಕಥೆಯಲ್ಲಿ ಮುದುಕಿ ಇರಲೇ ಇಲ್ಲ. ಹೊಲದ ಮನೆಯಲ್ಲಿ ಹೆಂಗಸು ಒಬ್ಬಳೇ ಇದ್ದಳು.

"ಹ್ಞೂಂ."

"ಮುದಿಕೀಗೂ ಧ್ವನಿ ಕೇಳಿತ್ತು. ಗುರ್ತೂ ಹತ್ತಿತ್ತು. ಹಡದಾಕೀಗೆ ಗುರ್ತ ಹತ್ತಲಾರದ ಇರತೈತೇನ? ಆದರ ಅಂಜಿದ್ಲು. ಬ್ಯಾರೇದು ಇದ್ರ ಸೊಸೀನೂ ಕೈ ಬಿಟ್ಟ ಹೋಗತಾಳಂತ ಅಂಜಿದ್ಲು."

"ಹ್ಞೂಂ." ಅತ್ತೆಯ ದನಿ ಒಡೆದಿತ್ತು.

ಆಯಿಯ ಕಣ್ಣೀರು ಕಿವಿಯ ಕಡೆ ಹರಿಯುತ್ತಿತ್ತು. ಒರೆಸಲು ಕೈ ಎತ್ತಲಾಗಲಿಲ್ಲ. ಅತ್ತೆ ಹಿಟ್ಟಿನ ಕೈಯಿಂದಲೇ ಒರೆಸಿದಳು, ಆಯಿಯ ಕೆನ್ನೆಯ ಮೇಲೆ ಜೋಳದ ಹಿಟ್ಟು ಬಿಳಿಯಾಗಿ ಉಳಿಯಿತು.

"ಮೂರನೇ ಸಲ ಕರ್ಯಾಕ ಅಂವಗ ಉಸರ ಇರಲಿಲ್ಲವ. ಅಷ್ಟ ಕಥಿ."

ಅಡಿಗೆಮನೆಯಲ್ಲಿ ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆ ನಡುಮನೆಯ ತನಕ ಬಂದಿತ್ತು. ಯಾರೂ ಏಳಲಿಲ್ಲ. ಕಸ್ತೂರತ್ತಿ ತೆರೆದಿದ್ದ ಬಾಗಿಲನ್ನು ಬಹಳ ಹೊತ್ತು ನೋಡುತ್ತ ಕೂತಳು. ಆಮೇಲೆ ಆಯಿಯ ಕೈ ಹಿಡಿದುಕೊಂಡು, ಮಾಮಾ ಅನ್ನುತ್ತಿದ್ದ ಹಾಗೆಯೇ ಉದ್ದಕ್ಕೆ, ಹೊಟ್ಟೆಯಿಂದ, ಹ್ಞೂಂ ಅಂದಳು.